ಪಾರ್ಕಿನ ಹುಲ್ಲಿನಡಿಯ ಚಿಲ್ಲರೆ



ಮಗನನ್ನೋ ಮಗಳನ್ನೋ ನೋಡಲು ಅಮೆರಿಕಕ್ಕೆ ಹೋಗಿ ಬಂದ ನಮ್ಮ ಕಡೆಯ ಹಿರಿಯರನ್ನು ಕೇಳಿ ನೋಡಿ. ಬೆಳಿಗ್ಗೆ ವಾಕಿಂಗ್ ಹೋಗುವ ಪಾರ್ಕಿನಲ್ಲಿ ಒಬ್ಬ ಮನುಷ್ಯನನ್ನು ಅವರಲ್ಲಿ ಎಷ್ಟೋ ಜನ ಕಂಡಿರುತ್ತಾರೆ. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಗೆ ಊಟದ ತಟ್ಟೆಯಷ್ಟಗಲದ ಒಂದು ಬಿಲ್ಲೆ. ಆ ಬಿಲ್ಲೆಯನ್ನು ಹುಲ್ಲಿಗೆ ತಾಗಿಯೂ ತಾಗದ ಹಾಗೆ ಎಡಕ್ಕೂ ಬಲಕ್ಕೂ ಆಡಿಸುತ್ತ ನಡೆಯುತ್ತಾನೆ. ನಿಲ್ಲುತ್ತಾನೆ, ಅದೇ ಜಾಗದ ಮೇಲೆ ಮತ್ತೆ ಮತ್ತೆ ಆಡಿಸುತ್ತಾನೆ, ತಲೆಯಾಡಿಸಿ ಮುಂದೆ ಹೋಗುತ್ತಾನೆ. ಇನ್ನೆಲ್ಲೋ ಮಂಡಿಯೂರಿ ಕೂತು ನೆಲ ಬಿಡಿಸುತ್ತಾನೆ. ಊರಿಗೆ ಫೋನ್ ಮಾಡಿದಾಗ ಈ ಸಂಗತಿ ಹೇಳಿದರೆ ಈ ಕಡೆಯಿಂದ ಬರುವ ಪ್ರಶ್ನೆ ಒಂದೇ: "ನಿಧಿ ಸಿಕ್ತಂತಾ?"

ನಿಧಿಯೂ ಇಲ್ಲ, ಕೊಪ್ಪರಿಗೆಯೂ ಇಲ್ಲ. ಅವನು ಹುಡುಕುತ್ತಿರುವುದು ಚಿಲ್ಲರೆ. ಯಾರದೋ ಜೇಬಿನಿಂದ ಎಂದೋ ಜಾರಿಬಿದ್ದ ಒಂದು ಸೆಂಟು, ಹತ್ತು ಸೆಂಟು, ಕಾಲು ಡಾಲರು. ನಾನು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತೇ ಕೂದಲು ನೆರೆಸಿಕೊಂಡವನು. ಚಿಲ್ಲರೆಯ ಮೇಲೆ ನನ್ನ ಕಣ್ಣು ಹೋಗುವುದು ಸಹಜ. ಕಣ್ಣಿಗಿಂತ ಮೊದಲು ಕಿವಿ ಹೋಗುತ್ತದೆ. ನಾಣ್ಯವನ್ನು ಕಲ್ಲಿನ ಮೇಲೆ ಚಿಮ್ಮಿ, ಸದ್ದು ಕೇಳಿಯೇ ಇದು ಖೋಟಾ ಎಂದು ಪಕ್ಕಕ್ಕಿಡುತ್ತಿದ್ದ ಹಳೆಯ ಶರಾಫರ ಜೊತೆ ಕೆಲಸ ಕಲಿತವರಿಗೆ ಆ ಅಭ್ಯಾಸ ಬಿಡುವುದಿಲ್ಲ. ಪೆನ್ಸಿಲ್ವೇನಿಯಾದ ಒಂದು ಚಿಕ್ಕ ಊರಿನಲ್ಲಿ, ಮಗಳ ಮನೆಯ ಹತ್ತಿರದ ಪಾರ್ಕಿನಲ್ಲಿ, ಇದೂ ಕಿವಿಯ ಕೆಲಸವೇ ಎಂದು ಗೊತ್ತಾದ ಮೇಲೆ ನನಗೆ ಈ ಹವ್ಯಾಸದ ಮೇಲೆ ಕುತೂಹಲ ಹುಟ್ಟಿತು.

ಬಾನುಲಿಯಲ್ಲಿ ಕೂತು ಮಾತಾಡುವಾಗ ಮೊದಲು ಹೇಳಲೇಬೇಕಾದದ್ದು, ಮೆಟಲ್ ಡಿಟೆಕ್ಟರ್ ಎಂಬ ಈ ಯಂತ್ರಕ್ಕೂ ಟೆಲಿಫೋನು ರೇಡಿಯೋಗಳಿಗೂ ಇರುವ ನಂಟು. 1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಒಬ್ಬ ಗುಂಡು ಹೊಡೆದ. ಗುಂಡು ಮೈಯೊಳಗೆ ಎಲ್ಲಿ ಕೂತಿದೆ ಎಂಬುದು ವೈದ್ಯರಿಗೆ ಗೊತ್ತಾಗಲಿಲ್ಲ. ಎಕ್ಸ್‌ರೇ ಬರಲು ಇನ್ನೂ 14 ವರ್ಷ ಇತ್ತು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ತಂತಿಯ ಸುರುಳಿಗಳನ್ನು ಜೋಡಿಸಿ, ಲೋಹ ಹತ್ತಿರ ಬಂದರೆ ಟೆಲಿಫೋನಿನಲ್ಲಿ ಸದ್ದು ಕೇಳುವ ಉಪಕರಣವೊಂದನ್ನು ಸಿದ್ಧಮಾಡಿಕೊಂಡು ಅಧ್ಯಕ್ಷರ ಹಾಸಿಗೆಯ ಬಳಿಗೆ ಬಂದರು. ಆದರೆ ಹಾಸಿಗೆಯೊಳಗೇ ಉಕ್ಕಿನ ಸ್ಪ್ರಿಂಗುಗಳಿದ್ದವು. ಸಾಲದ್ದಕ್ಕೆ ಮುಖ್ಯ ವೈದ್ಯರು ಗುಂಡು ಬಲಗಡೆಯೇ ಇದೆ ಎಂದು ಹಟ ಹಿಡಿದು ಆ ಕಡೆ ಮಾತ್ರ ಹುಡುಕಲು ಬಿಟ್ಟರು. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡರು. ಶವ ಬಿಚ್ಚಿ ನೋಡಿದಾಗ ಗುಂಡು ಎಡಗಡೆ ಇತ್ತು. ಯಂತ್ರ ಸರಿಯಿದ್ದರೂ ಹುಡುಕಲು ಕೊಟ್ಟ ಜಾಗ ತಪ್ಪಾದರೆ ಏನೂ ಸಿಗುವುದಿಲ್ಲ ಎಂಬ ಮಾತನ್ನು ಪಾರ್ಕಿನಲ್ಲಿ ನಾಣ್ಯ ಹುಡುಕುವವರೂ ಇವತ್ತಿಗೂ ಆಡುತ್ತಾರೆ, ಗಾರ್ಫೀಲ್ಡ್ ಹೆಸರು ಎತ್ತದೆ.

ಆಮೇಲೆ ಬಂದವರು ಗೆರ್ಹಾರ್ಡ್ ಫಿಶರ್, ಜರ್ಮನಿಯಿಂದ ಕ್ಯಾಲಿಫೋರ್ನಿಯಾಕ್ಕೆ ಹೋದ ಇಂಜಿನಿಯರ್. ವಿಮಾನಗಳಿಗೆ ರೇಡಿಯೋ ಅಲೆಯಿಂದ ದಿಕ್ಕು ತೋರಿಸುವ ಉಪಕರಣದ ಮೇಲೆ ಕೆಲಸ ಮಾಡುತ್ತಿದ್ದಾಗ, ಲೋಹದ ಕಟ್ಟಡವೋ ಅದಿರಿರುವ ನೆಲವೋ ಹತ್ತಿರವಿದ್ದರೆ ದಿಕ್ಕು ತಪ್ಪುವುದನ್ನು ಅವರು ಗಮನಿಸಿದರು. ಬೇರೆಯವರಾಗಿದ್ದರೆ ತಲೆನೋವು ಎಂದುಕೊಳ್ಳುತ್ತಿದ್ದರೇನೋ. ಫಿಶರ್ ಆ ದೋಷವನ್ನೇ ಯಂತ್ರ ಮಾಡಿ 1937ರಲ್ಲಿ ಪೇಟೆಂಟ್ ಪಡೆದರು. ಎರಡನೇ ಮಹಾಯುದ್ಧದಲ್ಲಿ ಯೂಜೆಫ್ ಕೊಸಾಟ್ಸ್ಕಿ ಎಂಬ ಪೋಲೆಂಡಿನ ಸೈನ್ಯಾಧಿಕಾರಿ ನೆಲಬಾಂಬು ಪತ್ತೆಹಚ್ಚುವ ಹಗುರವಾದ ಯಂತ್ರ ಮಾಡಿ, ಪೇಟೆಂಟನ್ನೂ ತೆಗೆದುಕೊಳ್ಳದೆ ಬ್ರಿಟಿಷ್ ಸೈನ್ಯಕ್ಕೆ ಕೊಟ್ಟರು. 1942ರಲ್ಲಿ ಎಲ್ ಅಲಮೇನ್ ಯುದ್ಧಭೂಮಿಯ ಮರಳಿನಲ್ಲಿ ಸೈನಿಕರು ಅದನ್ನು ಹಿಡಿದೇ ದಾರಿ ಬಿಡಿಸಿಕೊಂಡರು. ಯುದ್ಧ ಮುಗಿದ ಮೇಲೆ ಉಳಿಕೆ ಯಂತ್ರಗಳು ಅಗ್ಗಕ್ಕೆ ಮಾರಾಟಕ್ಕೆ ಬಂದವು. ಬಾಂಬು ಹುಡುಕುತ್ತಿದ್ದ ಕೋಲು ಹವ್ಯಾಸಿಗಳ ಕೈಗೆ ಬಂದದ್ದು ಹಾಗೆ.

ಯಂತ್ರ ಮಾಡುವ ಕೆಲಸ ಕಷ್ಟದ್ದೇನಲ್ಲ. ಬಿಲ್ಲೆಯೊಳಗೆ ತಾಮ್ರದ ತಂತಿಯ ಸುರುಳಿ ಇದೆ. ಅದರಲ್ಲಿ ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ನಮ್ಮ ಮೀಡಿಯಂ ವೇವ್ ಕೇಂದ್ರಗಳ ಅಲೆ 500 ಕಿಲೋಹರ್ಟ್ಸ್‌ಗಿಂತ ಮೇಲಿನದು. ಈ ಯಂತ್ರಗಳದ್ದು ಬಹುಮಟ್ಟಿಗೆ 5ರಿಂದ 20ರ ಆಸುಪಾಸು. ಆ ಅಲೆ ನೆಲದೊಳಗಿನ ಲೋಹಕ್ಕೆ ತಾಗಿದಾಗ ಲೋಹದ ಮೈಯಲ್ಲಿ ಸಣ್ಣ ಸುಳಿಯಂತೆ ವಿದ್ಯುತ್ ಹುಟ್ಟುತ್ತದೆ, ಅದಕ್ಕೆ ತನ್ನದೇ ಕಾಂತಕ್ಷೇತ್ರ ಇರುತ್ತದೆ, ಇನ್ನೊಂದು ಸುರುಳಿ ಅದನ್ನು ಹಿಡಿಯುತ್ತದೆ. ಮರುದನಿ ಎಷ್ಟು ತಡವಾಗಿ ಬಂತು ಎಂಬುದು ಲೋಹದಿಂದ ಲೋಹಕ್ಕೆ, ಗಾತ್ರದಿಂದ ಗಾತ್ರಕ್ಕೆ ಬೇರೆ. ಆ ವ್ಯತ್ಯಾಸವನ್ನೇ ಯಂತ್ರ ಸದ್ದಾಗಿ ಕೇಳಿಸುತ್ತದೆ. ಕಬ್ಬಿಣದ ಮೊಳೆಗೆ ಗೊರಗೊರ. ತಾಮ್ರ ಬೆಳ್ಳಿಗೆ ತೆಳ್ಳನೆಯ ಏರುದನಿ. ಪರದೆಯ ಮೇಲೆ ಒಂದು ಅಂಕಿಯೂ ಬರುತ್ತದೆ. ನುರಿತವರು ಅಂಕಿ ನೋಡುವುದು ಕಡಿಮೆ.

ಕಷ್ಟ ಇರುವುದು ಈ ಎರಡು ದನಿಗಳ ನಡುವೆ. ಅಮೆರಿಕದ ಪಾರ್ಕುಗಳ ಮಣ್ಣಿನಲ್ಲಿ ನಾಣ್ಯಕ್ಕಿಂತ ಹೆಚ್ಚಾಗಿ ಇರುವುದು ಅಲ್ಯೂಮಿನಿಯಂ ಕ್ಯಾನುಗಳ ಉಂಗುರ. 1960ರ ದಶಕದಲ್ಲಿ ಬಿಯರ್ ಮತ್ತು ಸೋಡಾ ಕ್ಯಾನುಗಳಿಗೆ ಎಳೆದು ಕಿತ್ತು ತೆಗೆಯುವ ಉಂಗುರ ಬಂತು. ಜನ ಕಿತ್ತರು, ಅಲ್ಲೇ ಬಿಸಾಡಿದರು. ಕಿತ್ತರೂ ಕ್ಯಾನಿಗೇ ಅಂಟಿಕೊಂಡಿರುವ ಈಗಿನ ಬಗೆ ಬಂದದ್ದು 1970ರ ದಶಕದ ನಡುವೆ. ಆ ಹತ್ತು ಹನ್ನೆರಡು ವರ್ಷಗಳ ಪಿಕ್‌ನಿಕ್ಕುಗಳ ಕಸ ಇನ್ನೂ ಹಾಗೇ ಕೂತಿದೆ. ಆ ಉಂಗುರದ ಸದ್ದೂ, ಐದು ಸೆಂಟಿನ ನಿಕ್ಕಲ್ ನಾಣ್ಯದ ಸದ್ದೂ, ಸಣ್ಣ ಚಿನ್ನದ ಉಂಗುರದ ಸದ್ದೂ ಯಂತ್ರಕ್ಕೆ ಹೆಚ್ಚುಕಡಿಮೆ ಒಂದೇ. ಕಸ ಬೇಡವೆಂದು ಆ ದನಿಯನ್ನು ಮುಚ್ಚಿಬಿಟ್ಟರೆ ಚಿನ್ನವೂ ಮುಚ್ಚಿಹೋಗುತ್ತದೆ. ಚಿನ್ನ ಬೇಕೆಂದರೆ ಇಡೀ ದಿನ ಕಸ ಅಗೆಯಬೇಕು. ಹುಲ್ಲು ಕೊಯ್ಯುವ ಯಂತ್ರಕ್ಕೆ ಸಿಕ್ಕಿ ಚೂರುಚೂರಾದ ಕ್ಯಾನುಗಳದ್ದು ಬೇರೆಯೇ ಕಾಟ.

ಇನ್ನು ನಾಣ್ಯಗಳು. ಅಮೆರಿಕದ ಹತ್ತು ಸೆಂಟು, ಕಾಲು ಡಾಲರ್, ಅರ್ಧ ಡಾಲರ್ ನಾಣ್ಯಗಳಲ್ಲಿ 1964ರವರೆಗೆ ನೂರಕ್ಕೆ 90 ಪಾಲು ಬೆಳ್ಳಿ ಇತ್ತು. 1965ರಿಂದ ಹತ್ತು ಸೆಂಟು, ಕಾಲು ಡಾಲರುಗಳಿಗೆ ಬೆಳ್ಳಿ ಹೋಯಿತು, ತಾಮ್ರದ ಮೇಲೆ ನಿಕ್ಕಲ್ ಮಿಶ್ರಣದ ಹೊದಿಕೆ ಬಂತು. ಜನ ಎಲ್ಲ ಕಡೆಯೂ ಒಂದೇ. ಬೆಳ್ಳಿಯದನ್ನು ಮನೆಯಲ್ಲಿಟ್ಟುಕೊಂಡು ಹೊಸದನ್ನು ಅಂಗಡಿಗೆ ಕೊಟ್ಟರು. ಕೆಲವೇ ವರ್ಷಗಳಲ್ಲಿ ಬೆಳ್ಳಿ ನಾಣ್ಯ ಚಲಾವಣೆಯಿಂದ ಮಾಯವಾಯಿತು. ಯಾರ ಪೆಟ್ಟಿಗೆಗೂ ಸೇರದೆ ಉಳಿದದ್ದು, ಅಷ್ಟರೊಳಗೆ ನೆಲಕ್ಕೆ ಬಿದ್ದು ಹೋಗಿದ್ದದ್ದು ಮಾತ್ರ. ಹಾಗಾಗಿ ಪಾರ್ಕಿನ ಮಣ್ಣಿನಲ್ಲಿ ಆ ಕಾಲದ ಚಿಲ್ಲರೆ, ಬೆಳ್ಳಿಯೂ ತಾಮ್ರವೂ ಬೆರೆತು, ಯಾರೂ ಆರಿಸದ ಹಾಗೇ ಸಿಗುತ್ತದೆ. ಹಿಂಬದಿಯಲ್ಲಿ ಎರಡು ಗೋಧಿ ತೆನೆ ಇರುವ 1909ರಿಂದ 1958ರವರೆಗಿನ ಸೆಂಟು ಸಾಮಾನ್ಯವಾಗಿ ಮೊದಲು ಕೈಗೆ ಬರುವುದು. 1982ರಿಂದೀಚೆಗೆ ಸೆಂಟಿನ ಒಳಗೆಲ್ಲ ಸತು, ಮೇಲೆ ತಾಮ್ರದ ಬಣ್ಣ ಮಾತ್ರ. ಮಣ್ಣಿಗೆ ಬಿದ್ದರೆ ಕೆಲವೇ ವರ್ಷಗಳಲ್ಲಿ ಹುಳುಕು ಹಲ್ಲಿನಂತೆ ತೂತುಬಿದ್ದಿರುತ್ತದೆ. ಆ ಸೆಂಟೂ ಈಗ ಮುಗಿಯಿತು. 2025ರ ನವೆಂಬರ್ 12ರಂದು ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಚಲಾವಣೆಯ ಕೊನೆಯ ಸೆಂಟು ಅಚ್ಚಾಯಿತು.

ಯುದ್ಧದ ನೆನಪೂ ಈ ಚಿಲ್ಲರೆಯಲ್ಲಿದೆ. 1943ರಲ್ಲಿ ತಾಮ್ರವೆಲ್ಲ ಯುದ್ಧಕ್ಕೆ ಬೇಕಾಗಿ ಅಮೆರಿಕ ಒಂದು ವರ್ಷ ಉಕ್ಕಿನ ಸೆಂಟು ಹೊರಡಿಸಿತು. ಯಂತ್ರಕ್ಕೆ ಅದು ಬರಿಯ ಕಬ್ಬಿಣ, ಹೆಚ್ಚಿನವು ತುಕ್ಕಾಗಿ ಹೋಗಿವೆ. ಅದೇ 1943ರಲ್ಲಿ, ಅದೇ ತಾಮ್ರದ ಅಭಾವಕ್ಕೆ, ನಮ್ಮಲ್ಲಿ ನಡುವೆ ತೂತು ಹೊಡೆದ ಕಾಸು ಬಂತು. ನನ್ನ ವಯಸ್ಸಿನವರು ಅಜ್ಜಿಯ ಸೊಂಟದ ದಾರದಲ್ಲೋ ದನದ ಕೊರಳಿನಲ್ಲೋ ಆ ತೂತಿನ ಕಾಸು ನೋಡಿರುತ್ತಾರೆ. ಅಮೆರಿಕದವರು ಲೋಹ ಬದಲಿಸಿದರು, ನಮ್ಮಲ್ಲಿ ನಡುವಿನದನ್ನು ತೆಗೆದು ಉಳಿಸಿದರು.

ಬಿದ್ದ ನಾಣ್ಯ ಮೇಲೇ ಇರದೆ ಒಳಗೆ ಹೋಗುವುದು ಹೇಗೆ ಎಂದು ಕೇಳಬಹುದು. ಎರೆಹುಳು ಅದನ್ನು ಹೂಳುತ್ತದೆ. ಒಳಗಿನ ಮಣ್ಣನ್ನು ತಿಂದು ಮೇಲೆ ತಂದು ಹಾಕುತ್ತ ಹೋದಂತೆ ಮೇಲಿದ್ದದ್ದು ನಿಧಾನವಾಗಿ ಕೆಳಗಿಳಿಯುತ್ತದೆ. ಚಾರ್ಲ್ಸ್ ಡಾರ್ವಿನ್ ತಮ್ಮ ಕೊನೆಯ ಪುಸ್ತಕವನ್ನು ಬರೆದದ್ದು ಇದರ ಮೇಲೆಯೇ. ಹೊಲದ ಮೇಲೆ ಹರಡಿದ ಸುಣ್ಣ, ಕಿಟ್ಟ ವರ್ಷಗಳ ಮೇಲೆ ಎಷ್ಟು ಕೆಳಗೆ ಹೋಗಿದೆ ಎಂದು ಅಗೆದು ಅಳೆದು ನೋಡಿದ್ದರು. ಪುಸ್ತಕ ಬಂದದ್ದು 1881ರಲ್ಲಿ, ಬೆಲ್ ತಮ್ಮ ಯಂತ್ರ ಹಿಡಿದು ಓಡಾಡಿದ ಅದೇ ವರ್ಷ. ನಾಣ್ಯ ಮುಳುಗುವ ಬಗೆಯೂ ಅದನ್ನು ಹುಡುಕುವ ಬಗೆಯೂ ಒಂದೇ ವರ್ಷ ಸುದ್ದಿಗೆ ಬಂದದ್ದು ನನಗಂತೂ ಚೆಂದದ ಕಾಕತಾಳೀಯ.

ನಾನು ಹೇಳಿದ ಆ ಪಾರ್ಕಿನಲ್ಲಿ ಹುಡುಕುತ್ತಿದ್ದವರು ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬರು. ದಿನಾ ಎದುರಾಗಿ, ಕೈ ಎತ್ತಿ, ಮಾತಿಗೆ ಸಿಕ್ಕರು. ಒಂದು ಬೆಳಿಗ್ಗೆ ನನಗೂ ಕೇಳಲಿ ಎಂದು ಹೆಡ್‌ಫೋನಿನ ವಯರು ಕಿತ್ತು ಸದ್ದನ್ನು ಹೊರಗೆ ಬಿಟ್ಟರು. ಅವರು ಪಾರ್ಕನ್ನು ನೋಡುತ್ತಿದ್ದ ರೀತಿಯೇ ಬೇರೆ. ಈಗ ಬೆಂಚು ಇರುವ ಕಡೆ ಹುಡುಕುತ್ತಿರಲಿಲ್ಲ; ಹಿಂದೆ ಎಲ್ಲಿ ಬೆಂಚು ಇದ್ದಿರಬೇಕು ಎಂದು ಲೆಕ್ಕ ಹಾಕುತ್ತಿದ್ದರು. ಹಳೆಯ ಪೋಸ್ಟ್‌ಕಾರ್ಡುಗಳ ಚಿತ್ರ ನೋಡಿ ಬ್ಯಾಂಡ್ ವಾದ್ಯದವರ ಕಟ್ಟೆ ಎಲ್ಲಿತ್ತು, ಮರಗಳಲ್ಲಿ ಯಾವುದು ಆಗಲೇ ದೊಡ್ಡದಾಗಿತ್ತು ಎಂದು ಗುರುತು ಮಾಡಿಕೊಂಡಿದ್ದರು. ಅವರ ಮೆಚ್ಚಿನ ಜಾಗ ಒಂದು ಇಳಿಜಾರು. ಚಳಿಗಾಲದಲ್ಲಿ ಹಿಮ ಬಿದ್ದಾಗ ಮಕ್ಕಳು ಹಲಗೆಯ ಮೇಲೆ ಕೂತು ಜಾರುವ ದಿಬ್ಬ ಅದು. ತಲೆಕೆಳಗಾಗಿ ಬಿದ್ದ ಮಕ್ಕಳ ಜೇಬಿನಲ್ಲಿದ್ದದ್ದೆಲ್ಲ ಹಿಮಕ್ಕೆ, ಹಿಮದಲ್ಲಿ ಹುಡುಕಲಾಗದು, ಕರಗುವ ಹೊತ್ತಿಗೆ ಮಕ್ಕಳಿಗೆ ಮರೆತಿರುತ್ತದೆ.

ಆ ದಿಬ್ಬದ ಬುಡದಲ್ಲಿ ಯಂತ್ರ ಒಂದು ಸದ್ದು ಕೊಟ್ಟಿತು. ಅವರು ನಿಂತರು. ಎಡಬಲ ಆಡಿಸಿದರು, ಆಮೇಲೆ ಪಕ್ಕಕ್ಕೆ ತಿರುಗಿ ನಿಂತು ಅಡ್ಡಡ್ಡ ಆಡಿಸಿದರು. ದುಂಡಗಿನ ನಾಣ್ಯವಾದರೆ ಎರಡು ಕಡೆಯಿಂದಲೂ ಒಂದೇ ದನಿ, ಮುರಿದ ತಗಡಾದರೆ ಒಂದು ಕಡೆಯಿಂದ ದನಿ ಒಡೆಯುತ್ತದೆ. "ಕೇಳಿಸಿತಾ? ನೀವೇ ಹೇಳಿ, ಅಗೆಯಲೋ ಬೇಡವೋ?" ಎಂದರು. ನನ್ನ ಕಿವಿಗೆ ಅದು ಅಪ್ಪಟ ಬೆಳ್ಳಿ. ಅಗೆಯಿರಿ ಎಂದೆ.

ಅಗೆಯುವುದನ್ನು ನೋಡಬೇಕಿತ್ತು ನೀವು. ಹಲ್ಲುಹಲ್ಲಾದ ಅಲಗಿನ ಕೈಸಲಿಕೆಯಿಂದ ಹುಲ್ಲನ್ನು ಲಾಳದ ಆಕಾರಕ್ಕೆ ಮೂರು ಕಡೆ ಮಾತ್ರ ಕೊಯ್ದರು, ನಾಲ್ಕನೆಯ ಕಡೆ ಬೇರು ಹಾಗೇ ಇರಲಿ ಎಂದು. ಬೇರು ಸಮೇತ ಆ ಹೆಂಟೆಯನ್ನು ಪುಸ್ತಕದ ರಟ್ಟು ತೆರೆದ ಹಾಗೆ ಮಗುಚಿದರು. ಒಳಗಿನ ಮಣ್ಣನ್ನು ಹುಲ್ಲಿನ ಮೇಲೆ ಚೆಲ್ಲದೆ ಪಕ್ಕದಲ್ಲಿ ಹಾಸಿದ ಒಂದು ಟವಲಿನ ಮೇಲೆ ಗುಡ್ಡೆ ಹಾಕಿದರು. ಕ್ಯಾರೆಟ್ಟಿನಷ್ಟು ದಪ್ಪದ ಇನ್ನೊಂದು ಚಿಕ್ಕ ಯಂತ್ರವನ್ನು ಕುಳಿಯೊಳಗೆ ಇಳಿಬಿಟ್ಟರು. ಅದು ಒಂದು ಮೂಲೆಯಲ್ಲಿ ಗುಂಯ್‌ಗುಟ್ಟಿತು. ಬೆರಳಿನಿಂದ ಅಲ್ಲಿ ಕೆದಕಿದಾಗ ಕಪ್ಪು ಮಣ್ಣಿನ ಗೋಡೆಯಲ್ಲಿ ಬಿಳಿಯ ಅಂಚೊಂದು ಕಂಡಿತು. ಬೆಳ್ಳಿಗೆ ಮಣ್ಣು ಹಿಡಿಯುವುದೇ ಇಲ್ಲ ಎನ್ನಬೇಕು. ಅದು 1941ರ ಹತ್ತು ಸೆಂಟು. ರೆಕ್ಕೆಯಿರುವ ಟೊಪ್ಪಿಗೆ ತೊಟ್ಟ ಹೆಣ್ಣಿನ ಮುಖ. ಅದು ಸ್ವಾತಂತ್ರ್ಯ ದೇವತೆ, ಆದರೆ ರೆಕ್ಕೆ ಕಂಡ ಜನ ರೋಮನ್ ದೇವರು ಮರ್ಕ್ಯುರಿ ಎಂದುಕೊಂಡು ಆ ಹೆಸರನ್ನೇ ಕಟ್ಟಿಬಿಟ್ಟರು. 1916ರಿಂದ 1945ರವರೆಗೆ ಹೊರಟ ನಾಣ್ಯ. ತೂಕ ಎರಡೂವರೆ ಗ್ರಾಂ, ಅದರಲ್ಲಿ ಬೆಳ್ಳಿ ಎರಡೂಕಾಲು.

ಆಗಿನ ದಿನಗಳಲ್ಲಿ ಕೋಕಾ ಕೋಲಾ ಬಾಟಲಿಗೆ ಐದು ಸೆಂಟು. ಎಂದರೆ ಎರಡು ಬಾಟಲಿಯ ದುಡ್ಡು. ಹುಡುಗನೊಬ್ಬ ಮನೆಗೆ ಹೋಗಿ ಬೈಸಿಕೊಂಡಿರುವಷ್ಟು ದೊಡ್ಡದೇ. ಅಂಚೆಯವರು ನಾಣ್ಯವನ್ನು ಉಜ್ಜಲಿಲ್ಲ, ಒರೆಸಲಿಲ್ಲ, ಚಿಕ್ಕ ಡಬ್ಬಿಗೆ ಹಾಕಿಕೊಂಡರು. ಆಮೇಲೆ ಟವಲಿನ ಮಣ್ಣನ್ನು ಕುಳಿಗೆ ಸುರಿದು, ಹೆಂಟೆ ಮುಚ್ಚಿ, ಕಾಲಿನಿಂದ ಒತ್ತಿ, ಬಾಟಲಿಯ ನೀರು ಹಾಕಿದರು. ಎದ್ದು ಎರಡು ಹೆಜ್ಜೆ ಹಿಂದೆ ಬಂದು ನೋಡಿದರೆ ಎಲ್ಲಿ ಅಗೆದದ್ದು ಎಂದು ನನಗೇ ಗೊತ್ತಾಗಲಿಲ್ಲ. ಬೇಸಿಗೆ ಜೋರಾಗಿ ಹುಲ್ಲು ಒಣಗಿರುವಾಗ ಅವರು ಅಗೆಯುವುದೇ ಇಲ್ಲವಂತೆ. ಆಗ ಬೇರು ಮತ್ತೆ ಹಿಡಿಯುವುದಿಲ್ಲ, ಹಳದಿ ಕಲೆ ಉಳಿಯುತ್ತದೆ, ಮಾರನೆಯ ವರ್ಷ ಪಾರ್ಕಿನ ಬಾಗಿಲಲ್ಲಿ ನಿಷೇಧದ ಫಲಕ ಏಳುತ್ತದೆ.

ಆ ಫಲಕದ ಭಯ ನಿಜ. ಈ ಹವ್ಯಾಸ ನಿಂತಿರುವುದು ಊರಿನವರ ಸಹನೆಯ ಮೇಲೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಡಿಟೆಕ್ಟರ್ ಬಳಸುವುದೇ ಅಪರಾಧ. ಫೆಡರಲ್ ಸರ್ಕಾರದ ಜಮೀನಿನಲ್ಲಿ ನೂರು ವರ್ಷ ದಾಟಿದ ಪುರಾತತ್ವ ವಸ್ತುಗಳಿಗೆ 1979ರ ಕಾನೂನಿನ ಕಾವಲಿದೆ. ಊರ ಪಾರ್ಕುಗಳದ್ದು ಒಂದೊಂದು ಕಡೆ ಒಂದೊಂದು ನಿಯಮ. ನ್ಯೂಯಾರ್ಕ್ ನಗರದ ಪಾರ್ಕುಗಳಲ್ಲಿ ಹುಡುಕಲು ಪರವಾನಗಿ ಪಡೆಯಬೇಕು. ಕೆಲವು ಕಡೆ ಸಲಿಕೆ ಎಷ್ಟು ಉದ್ದ ಇರಬಹುದು ಎಂಬುದಕ್ಕೂ ಅಳತೆ ಇದೆ. ಚಿಲ್ಲರೆ ಸಿಕ್ಕರೆ ಯಾರೂ ಕೇಳುವುದಿಲ್ಲ. ಉಂಗುರ ಸಿಕ್ಕರೆ ಒಳಗಡೆ ಕೆತ್ತಿದ ಅಕ್ಷರ ಓದಿ, ಶಾಲೆಯ ಉಂಗುರವಾದರೆ ಹೆಸರು ವರ್ಷ ಹಿಡಿದು ಹುಡುಕಿ ಒಡೆಯರಿಗೆ ಮುಟ್ಟಿಸುವುದನ್ನು ಒಳ್ಳೆಯ ಹವ್ಯಾಸಿಗಳು ವ್ರತದಂತೆ ಪಾಲಿಸುತ್ತಾರೆ. ಹಣದ ದೃಷ್ಟಿಯಿಂದ ನೋಡಿದರೆ ಯಂತ್ರದ ಬೆಲೆ ಚಿಲ್ಲರೆಯಿಂದ ಹುಟ್ಟುವುದು ಬಹಳ ಅಪರೂಪ.

ಈಗ ನಮ್ಮವರ ಪ್ರಶ್ನೆಗೆ ಬರುತ್ತೇನೆ, ನಿಧಿಯ ಪ್ರಶ್ನೆಗೆ. ಇಂಗ್ಲೆಂಡಿನಲ್ಲಿ ಅದೂ ಸಿಕ್ಕಿದೆ. 1992ರ ನವೆಂಬರ್‌ನಲ್ಲಿ ಸಫೋಕ್ ಪ್ರಾಂತ್ಯದ ಹಾಕ್ಸನ್ ಎಂಬ ಹಳ್ಳಿಯ ರೈತರೊಬ್ಬರ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಹುಡುಕಿಕೊಡಲು ಬಂದವರು ಅವರ ಗೆಳೆಯ ಎರಿಕ್ ಲಾಸ್. ಸಿಕ್ಕದ್ದು ರೋಮನ್ನರ ಕಾಲದ ಹದಿನೈದು ಸಾವಿರದಷ್ಟು ಚಿನ್ನ ಬೆಳ್ಳಿ ನಾಣ್ಯ, ಒಡವೆ, ಬೆಳ್ಳಿಯ ಚಮಚ. ಲಾಸ್ ಮಾಡಿದ ದೊಡ್ಡ ಕೆಲಸ ನಿಧಿ ಹುಡುಕಿದ್ದಲ್ಲ, ಅಗೆಯುವುದನ್ನು ಅರ್ಧಕ್ಕೆ ನಿಲ್ಲಿಸಿದ್ದು. ತಜ್ಞರಿಗೆ ಸುದ್ದಿ ಹೋಯಿತು, ಅವರು ಬಂದು ಯಾವುದರ ಮೇಲೆ ಯಾವುದಿತ್ತು ಎಂದು ಬರೆದುಕೊಂಡು ತೆಗೆದರು. ಮರದ ಪೆಟ್ಟಿಗೆ ಕೊಳೆತುಹೋಗಿದ್ದರೂ ಅದರೊಳಗೆ ಏನು ಹೇಗೆ ಜೋಡಿಸಿತ್ತು ಎಂದು ತಿಳಿದದ್ದು ಅದರಿಂದ. ಬಹುಮಾನವಾಗಿ 17.5 ಲಕ್ಷ ಪೌಂಡು ಬಂತು, ಲಾಸ್ ಅದನ್ನು ರೈತರ ಜೊತೆ ಹಂಚಿಕೊಂಡರು. ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲೇ ಇದೆ. ಆ ನಿಧಿಯಲ್ಲಿ ಕರಿಮೆಣಸಿನ ಪುಡಿ ಉದುರಿಸುವ ನಾಲ್ಕು ಬೆಳ್ಳಿಯ ಡಬ್ಬಿಗಳಿದ್ದವು. ಆ ಮೆಣಸು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ.

ಮೆಣಸು ಅತ್ತ ಹೋದರೆ ರೋಮಿನ ನಾಣ್ಯ ಇತ್ತ ಬಂತು. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ದಾರಿಗೆ ನೆಲ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. ದೊಡ್ಡ ಸುದ್ದಿಯೇ. ಆದರೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಪದರ ಪದರವಾಗಿ ಅಗೆಸಿದಾಗ ಸಿಕ್ಕ, ರೋಮಿನ ಚಕ್ರವರ್ತಿ ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯ ಇತಿಹಾಸಕಾರರಿಗೆ ಹೆಚ್ಚು ಕೆಲಸಕ್ಕೆ ಬಂತು. ಅದು ಯಾವ ಪದರದಲ್ಲಿತ್ತು, ಜೊತೆಗೆ ಯಾವ ಮಡಕೆ ಚೂರುಗಳಿದ್ದವು ಎಂಬುದು ಗೊತ್ತಿತ್ತು. ಆ ಮಡಕೆಗಳ ಕಾಲ ಹೇಳಲು ನಾಣ್ಯ ಆಧಾರವಾಯಿತು. ಎಷ್ಟೋ ಸಲ ಮಗುಚಿ, ತುಂಬಿ, ಹುಲ್ಲು ಹಾಸಿದ ಅಮೆರಿಕದ ಪಾರ್ಕಿನ ಮಣ್ಣಿನಲ್ಲಿ ಅಂಥ ಪದರಗಳು ಉಳಿದಿರುವುದು ಕಡಿಮೆ. ಅಲ್ಲಿ ಹತ್ತು ಸೆಂಟು ಎತ್ತಿಕೊಂಡರೆ ಚರಿತ್ರೆಗೆ ಆಗುವ ನಷ್ಟವೂ ಕಡಿಮೆ. ನಮ್ಮ ಹಳ್ಳಿಯ ಹಾಳು ದಿಬ್ಬದ ಮಾತು ಬೇರೆ.

ಆ ದಿಬ್ಬಗಳಿಗೆ ನಮ್ಮಲ್ಲಿ ಹೋಗುವವರು ಯಾರು ಎಂಬುದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಅಮಾವಾಸ್ಯೆ ನೋಡಿ, ಮಂತ್ರವಾದಿಯನ್ನು ಕಟ್ಟಿಕೊಂಡು, ಹಾಳು ಗುಡಿಯ ನಂದಿಯನ್ನು ಕಿತ್ತು, ಗರ್ಭಗುಡಿ ಬಗೆದು, ವೀರಗಲ್ಲು ಉರುಳಿಸಿ ಬೆಳಗಾಗುವಷ್ಟರಲ್ಲಿ ಓಡುವ ನಿಧಿಗಳ್ಳರು. ಈಚೆಗೆ ಅವರ ಕೈಗೂ ಡಿಟೆಕ್ಟರ್ ಬಂದಿದೆ. ಅವರಿಗೆ ಚಿನ್ನ ಸಿಗುವುದು ಅಷ್ಟಕ್ಕಷ್ಟೆ, ಎಂಟುನೂರು ವರ್ಷ ನಿಂತ ಕಲ್ಲು ಮಾತ್ರ ಒಡೆದಿರುತ್ತದೆ. ಯಂತ್ರ ಅದೇ, ಹಗಲು ಹೊತ್ತಿನಲ್ಲಿ ಎಲ್ಲರ ಕಣ್ಣೆದುರು ಹೆಂಟೆ ಮುಚ್ಚಿ ನೀರು ಹಾಕುವವರ ಕೈಯಲ್ಲೂ ಇರುವುದು. ಇವರನ್ನೂ ಅವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗಂತೂ ಮನಸ್ಸಿಲ್ಲ.

ಯಂತ್ರವಿಲ್ಲದೆಯೇ ನಮ್ಮಲ್ಲಿ ಹೆಚ್ಚಿನ ನಾಣ್ಯ ಸಿಗುವುದು ನೇಗಿಲಿಗೆ, ಪಾಯದ ಗುದ್ದಲಿಗೆ, ಕೆರೆ ಹೂಳಿಗೆ. ಕೇಳುಗರಲ್ಲಿ ರೈತರಿದ್ದೀರಿ, ಮೇಸ್ತ್ರಿಗಳಿದ್ದೀರಿ. ನಮ್ಮ ದೇಶದಲ್ಲಿ 1878ರಿಂದಲೇ ನಿಧಿ ಕಾನೂನಿದೆ. ನೆಲದಲ್ಲಿ ಹುದುಗಿದ ವಸ್ತುವಿನ ಬೆಲೆ ಹತ್ತು ರೂಪಾಯಿ ದಾಟಿದರೆ ಸರ್ಕಾರಕ್ಕೆ ತಿಳಿಸಬೇಕೆಂದು ಅಂದೇ ಬರೆದಿದ್ದಾರೆ. ಆ ಹತ್ತು ರೂಪಾಯಿ ಅಂದಿನದು ಎಂಬುದನ್ನು ಮರೆಯಬೇಡಿ. ಕರ್ನಾಟಕಕ್ಕೆ 1962ರ ತನ್ನದೇ ಕಾನೂನಿದೆ. ಮಡಕೆ ಕಂಡರೆ ಕೈ ಹಾಕದೆ, ಸುತ್ತ ನಾಲ್ಕು ಕಲ್ಲಿಟ್ಟು, ಫೋಟೋ ತೆಗೆದುಕೊಂಡು, ಗ್ರಾಮ ಆಡಳಿತ ಅಧಿಕಾರಿಗಳಿಗೋ ತಹಶೀಲ್ದಾರರಿಗೋ ಹೇಳಿ, ಪುರಾತತ್ವ ಇಲಾಖೆಯವರು ಬರುವವರೆಗೆ ಕಾಯಿರಿ. ಒಂದೇ ಒಂದು ಬಿಡಿ ನಾಣ್ಯ ಸಿಕ್ಕರೂ ಯಾವ ಹೊಲ, ಎಷ್ಟು ಆಳ, ಪಕ್ಕದಲ್ಲಿ ಮಡಕೆ ಚೂರು ಇತ್ತೋ ಇಲ್ಲವೋ ಎಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಮತ್ತೆ, ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹಬ್ಬದ ಹರಿವಾಣದಂತೆ ಫಳಫಳ ಮಾಡಿ ತಂದ ನಾಣ್ಯಗಳನ್ನು ಕೌಂಟರಿನಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ. ಅವುಗಳ ಮೇಲೆ ರಾಜನೂ ಇರಲಿಲ್ಲ, ಬರಹವೂ ಇರಲಿಲ್ಲ, ಹೊಳಪು ಮಾತ್ರ ಇತ್ತು.